‘ಚೆನ್ನಾಗಿ ಊಟ ಮಾಡ್ತೀರಾ?’ ಅಂತ ಕೇಳೋದು ಬಿಟ್ಟ ಮೇಲೆ

ಗರ್ಭಿಣಿಯರ ತಪಾಸಣೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲರಿಗೂ ಇದೊಂದೇ ಪ್ರಶ್ನೆ ಕೇಳುತ್ತಿದ್ದೆ. ಎಲ್ಲರೂ ಹೂಂ ಅನ್ನುತ್ತಿದ್ದರು. ಸೊಪ್ಪು, ಹಣ್ಣು, ಕಾಳು ತಿನ್ನಿ ಅಂತ ಹೇಳಿ, ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಿದ್ದೆ. ಮುಂದಿನ ತಿಂಗಳು ನೋಡಿದರೆ ತೂಕ ಅಲ್ಲೇ ನಿಂತಿರುತ್ತಿತ್ತು.

ಒಮ್ಮೆ ಐದು ತಿಂಗಳ ಗರ್ಭಿಣಿಯೊಬ್ಬರ ತೋಳಿಗೆ ಟೇಪ್ ಸುತ್ತಿದೆ. ಭುಜದ ತುದಿಗೂ ಮೊಣಕೈಗೂ ಸರಿಯಾಗಿ ಮಧ್ಯದಲ್ಲಿ, ಕೈ ಸಡಿಲ ಬಿಟ್ಟಾಗ ಅಳೆಯಬೇಕು. ಸುತ್ತಳತೆ 23 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ತಾಯಿಗೆ ಪೋಷಣೆ ಸಾಲುತ್ತಿಲ್ಲವೇನೋ ಅಂತ ನಾವು ಎಚ್ಚರ ಆಗುತ್ತೇವೆ. ಅವರದ್ದು 21. ರಕ್ತದ ಹಿಮೋಗ್ಲೋಬಿನ್ 9, ಅದೂ ಕಡಿಮೆಯೇ. ಆಗ ಪಕ್ಕದಲ್ಲಿ ಕೂತು, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಏನೇನು ತಿಂದ್ರಿ, ಒಂದೊಂದೇ ಹೇಳಿ ಅಂದೆ.

ತುಂಬಾ ಹೊತ್ತು ಸುಮ್ಮನಿದ್ದರು. ಬೆಳಿಗ್ಗೆ ಬರೀ ಚಹಾ. ಮಧ್ಯಾಹ್ನ ಎಲ್ಲರದ್ದೂ ಆದ ಮೇಲೆ ಪಾತ್ರೆಯಲ್ಲಿ ಉಳಿದಿದ್ದು. ರಾತ್ರಿ ಸುಸ್ತಾಗಿ ಹಾಗೇ ಮಲಗಿದ್ದರು. ದೊಡ್ಡ ಮಗುವಿಗೆ ಆಗಿನ್ನೂ ವರ್ಷ, ಹಾಲು ಬಿಡಿಸಿರಲಿಲ್ಲ. ಮಾತ್ರೆ ನುಂಗಿದರೆ ವಾಂತಿ ಬಂದ ಹಾಗಾಗುತ್ತೆ, ಮಲ ಕಪ್ಪಗೆ ಹೋಗುತ್ತೆ ಅಂತ ಹೆದರಿ ಪೂರ್ತಿ ನಿಲ್ಲಿಸಿಬಿಟ್ಟಿದ್ದರು. ಕಪ್ಪಾಗುವುದು ಸಹಜ ಅಂತ ನಾನು ಮೊದಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಈ ಮಾತು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಏನು ತಿನ್ನಬೇಕು ಅಂತ ಅವರಿಗೆ ಗೊತ್ತಿರಲಿಲ್ಲ ಅಂತಲ್ಲ. ತಿನ್ನಲು ಹೊತ್ತಿರಲಿಲ್ಲ, ಸರದಿಯೂ ಬರುತ್ತಿರಲಿಲ್ಲ. ಹಾಗಾಗಿ ಹೊರಗೆ ಕಾಯುತ್ತಿದ್ದ ಗಂಡ, ಅತ್ತೆ ಇಬ್ಬರನ್ನೂ ಒಳಗೆ ಕರೆದೆ. ಬೈಯಲಿಲ್ಲ. ಟೇಪ್ ತೋರಿಸಿದೆ, ತಾಯಿ ಹೀಗೇ ಸೊರಗಿದರೆ ಮಗು ಎರಡೂವರೆ ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯ ಜಾಸ್ತಿ ಅಂದೆ, ಇನ್ನು ಮೇಲೆ ಇವರಿಗೆ ಮೊದಲ ತಟ್ಟೆ ಬಡಿಸಿ ಅಂತ ಕೇಳಿಕೊಂಡೆ. ಮಾತ್ರೆಯನ್ನು ರಾತ್ರಿ ಊಟದ ಮೇಲೆ ತಗೊಳ್ಳಲು ಹೇಳಿದೆ. ಅದರ ಹಿಂದೆ ಮುಂದೆ ಒಂದು ಗಂಟೆ ಚಹಾ ಬೇಡ, ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಎರಡು ತಿಂಗಳಲ್ಲಿ ತೂಕ ಮೂರು ಕೆಜಿ ಏರಿತು.

ಎಲ್ಲರದ್ದೂ ಹೀಗೆ ಸರಿಹೋಗುವುದಿಲ್ಲ. ಹೊಟ್ಟೆಯಲ್ಲಿ ರಕ್ತ ಹೀರುವ ಕೊಕ್ಕೆಹುಳು ಇದ್ದವರು, ಮೈ ಬೆಳೆಯುವ ವಯಸ್ಸಿನಲ್ಲೇ ಬಸುರಾದ ಹುಡುಗಿಯರು, ಒಂದು ಹೆರಿಗೆಯಿಂದ ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದಕ್ಕೆ ನಿಂತವರು, ಒಬ್ಬೊಬ್ಬರ ಕಾರಣವೂ ಬೇರೆ. ಮನೆಯಲ್ಲಿ ದುಡ್ಡೇ ಇಲ್ಲದವರಿಗೆ ಹಣ್ಣು ತಿನ್ನಿ ಅಂದರೆ ಏನು ಬಂತು, ಅಲ್ವಾ? ಅಂಥವರು ಬಂದರೆ ಈಗ ಪಾಠ ಹೇಳುವುದಿಲ್ಲ. ಆಹಾರ ನೆರವಿನ ಅರ್ಜಿ ನಾನೇ ತುಂಬಿ, ಸಹಿ ಹಾಕಿಸಿಕೊಂಡೇ ಮನೆಗೆ ಕಳಿಸುತ್ತೇನೆ.