ಹತ್ತು ತಲೆ, ಒಂದು ಒಗಟು: ಆನ್‌ಲೈನ್ ಆಟದ ಸುಳಿವುಗಳನ್ನು ಗುಂಪಾಗಿ ಬಿಡಿಸುವುದು ಹೇಗೆ?

ಮೊದಲು ಈ ಇಮೇಲ್ ಓದಿ.

‘ಗಲಾಟೆ ಈಗ ತಣ್ಣಗಾಗಿದೆ. ಡಿಸೆಂಬರ್ ಕಳೆದರೂ ಅವಳ ಸುದ್ದಿಯಿಲ್ಲ. ಯಾರನ್ನೂ ನಂಬಬೇಡಿ. ರಜೆ ಮುಗಿದ ಮೇಲೆ ಬರೆಯುತ್ತೇನೆ.’

ಕಳಿಸಿದವರು ಒಬ್ಬ ನಿವೃತ್ತ ಗ್ರಂಥಪಾಲಕರು. ಅವರು ನಿಜವಾಗಿ ಇಲ್ಲ, ಒಂದು ಕಥೆಯ ಪಾತ್ರ. ಆದರೆ ಅವರಿಗೊಂದು ವೆಬ್‌ಸೈಟ್ ಇದೆ. ಅದರಲ್ಲಿ ಅವರ ಮನೆಯ ಮೂವತ್ತು ಫೋಟೋಗಳಿವೆ. ನೀವು ಪತ್ರ ಬರೆದರೆ ಉತ್ತರವೂ ಬರುತ್ತದೆ. ಆಲ್ಟರ್ನೇಟ್ ರಿಯಾಲಿಟಿ ಗೇಮ್, ಅಂದರೆ ಎಆರ್‌ಜಿ ನಡೆಯುವುದು ಹೀಗೆ. ಕಥೆಯನ್ನು ಚೂರು ಚೂರು ಮಾಡಿ ಇಮೇಲ್, ವೆಬ್‌ಸೈಟ್, ಫೋಟೋ, ಆಡಿಯೋ, ಫೋನ್ ಕರೆ ಎಲ್ಲದರಲ್ಲೂ ಚೆಲ್ಲಿರುತ್ತಾರೆ. ಅದನ್ನು ಹೆಕ್ಕಿ ಜೋಡಿಸುವುದು ಆಟಗಾರರ ಕೆಲಸ. ತೆರೆಯ ಹಿಂದೆ ಕುಳಿತು ಆಡಿಸುವವರನ್ನು ಪಪೆಟ್‌ಮಾಸ್ಟರ್ ಅನ್ನುತ್ತಾರೆ. ನಮ್ಮ ‘ಸೂತ್ರಧಾರ’ ಅನ್ನುವ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಮೇಲಿನ ಇಮೇಲ್ ಮತ್ತು ಮುಂದೆ ಬರುವ ಗಡಿಯಾರದ ಒಗಟನ್ನು ಈ ಲೇಖನಕ್ಕೆಂದೇ ಕಟ್ಟಿದ್ದೇನೆ. ನೀವೂ ಜೊತೆಗೇ ಬಿಡಿಸುತ್ತಾ ಬನ್ನಿ.

ಒಬ್ಬರೇ ಕೂತರೆ ಯಾಕೆ ಆಗುವುದಿಲ್ಲ?

2001ರಲ್ಲಿ ‘ಎ.ಐ.’ ಸಿನಿಮಾದ ಪ್ರಚಾರದಲ್ಲಿ ತಂತ್ರಜ್ಞರ ಹೆಸರುಗಳ ನಡುವೆ ಒಂದು ವಿಚಿತ್ರ ಹುದ್ದೆ ಸೇರಿಕೊಂಡಿತ್ತು: ಯೋಚಿಸುವ ಯಂತ್ರಗಳ ಚಿಕಿತ್ಸಕಿ. ಸಿನಿಮಾಗೆ ಅಂಥವರು ಯಾಕೆ ಬೇಕು ಅಂತ ಕೆಲವರು ಆ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದರು. ಅಲ್ಲಿಂದ ತೆರೆದುಕೊಂಡ ಆಟವೇ ‘ದಿ ಬೀಸ್ಟ್’. ಆಟಗಾರರು ‘ಕ್ಲೌಡ್‌ಮೇಕರ್ಸ್’ ಅನ್ನುವ ಗುಂಪು ಕಟ್ಟಿಕೊಂಡರು. ಅದರಲ್ಲಿ 7,000ಕ್ಕೂ ಹೆಚ್ಚು ಜನ ಸೇರಿದರು. ತಿಂಗಳುಗಟ್ಟಲೆ ಸಾಕಾಗುತ್ತದೆ ಅಂತ ಆಟ ಕಟ್ಟಿದವರು ಇಟ್ಟುಕೊಂಡಿದ್ದ ಒಗಟುಗಳು ಅವರ ಮುಂದೆ ಒಂದೇ ದಿನಕ್ಕೆ ಮುಗಿದುಹೋದವು.

ಅಲ್ಲಿಂದಾಚೆಗೆ ಎಆರ್‌ಜಿಗಳನ್ನು ಗುಂಪಿಗೆಂದೇ ಹೆಣೆಯುತ್ತಾರೆ. ಒಂದು ಸುಳಿವಿಗೆ ಸಂಗೀತ ಗೊತ್ತಿರಬೇಕು, ಇನ್ನೊಂದಕ್ಕೆ ರಸಾಯನಶಾಸ್ತ್ರ, ಮತ್ತೊಂದಕ್ಕೆ ಹಳೆಯ ಭಾಷೆ. ಎಲ್ಲವೂ ಒಬ್ಬರ ತಲೆಯಲ್ಲಿ ಇರುವುದಿಲ್ಲ, ಅಲ್ವಾ?

ಮೂಲ ಪ್ರತಿಯನ್ನು ಮೊದಲು ಉಳಿಸಿಕೊಳ್ಳಿ

ಗುಂಪಿಗೆ ನಾಲ್ಕೈದು ಜನ ಸಾಕು. ಹರಟೆಗೆ ಒಂದು ಚಾಟ್ ಇರಲಿ, ಬರೆದಿಡುವುದಕ್ಕೆ ಎಲ್ಲರೂ ತಿದ್ದಬಹುದಾದ ಒಂದು ಆನ್‌ಲೈನ್ ಕಡತ ಇರಲಿ. ಎರಡೂ ಬೇಕೇ ಬೇಕು. ಚಾಟ್‌ನಲ್ಲಿ ಹೇಳಿದ್ದು ಅರ್ಧ ಗಂಟೆಯಲ್ಲಿ ಮೇಲೆ ಹೋಗಿ ಮಾಯವಾಗುತ್ತದೆ.

ಸುಳಿವು ಸಿಕ್ಕ ತಕ್ಷಣ ಅದನ್ನು ಬಿಡಿಸಲು ಕೂರಬೇಡಿ. ಸಿಕ್ಕಿದ್ದು ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಿಳಾಸದಲ್ಲಿ ಅಂತ ಮೊದಲು ಬರೆಯಿರಿ. ಫೈಲನ್ನು ಹಾಗೆಯೇ ಇಳಿಸಿಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಗುಂಪಿನಲ್ಲಿ ಒಮ್ಮೆ ಗೆಳೆಯರೊಬ್ಬರು ಫೋಟೋವೊಂದನ್ನು ಚಾಟ್‌ನಲ್ಲಿ ಎಲ್ಲರಿಗೂ ಕಳಿಸಿದರು. ಎರಡು ರಾತ್ರಿ ಅದನ್ನು ಹಿಗ್ಗಿಸಿ, ಕುಗ್ಗಿಸಿ, ಬಣ್ಣ ಬದಲಿಸಿ ನೋಡಿದೆವು. ಏನೂ ಸಿಗಲಿಲ್ಲ. ಮೂಲ ಫೈಲಿನಲ್ಲಿ, ಫೋಟೋ ತೆಗೆದ ಜಾಗ ಮತ್ತು ಸಮಯದ ವಿವರದಲ್ಲಿ, ಉತ್ತರ ಕೂತಿತ್ತು. ಎಷ್ಟೋ ಚಾಟ್ ಆ್ಯಪ್‌ಗಳು ಕಳಿಸುವಾಗ ಫೋಟೋವನ್ನು ಕುಗ್ಗಿಸಿ, ಅದರ ಜೊತೆಗಿರುವ ವಿವರವನ್ನು ಅಳಿಸಿಬಿಡುತ್ತವೆ. ಈಗ ನಾವು ಫೋಟೋವನ್ನೂ ಡಾಕ್ಯುಮೆಂಟ್ ಆಗಿಯೇ ಕಳಿಸುತ್ತೇವೆ.

ವಿಚಿತ್ರ ಎಲ್ಲಿದೆ ಅಂತ ನೋಡಿ

ಸುಳಿವಿನ ಮುಂದೆ ಕೂತಾಗ ‘ಇದರ ಅರ್ಥ ಏನು?’ ಅಂತ ಕೇಳುವ ಮುಂಚೆ ‘ಇದರಲ್ಲಿ ಸರಿಯಿಲ್ಲದ್ದು ಏನು?’ ಅಂತ ಕೇಳಿ. ತಪ್ಪು ಕಾಗುಣಿತ, ಬೇಡದ ಕಡೆ ದಪ್ಪಕ್ಷರ, ಸುಮ್ನೆ ಬಂದುಹೋದ ಒಂದು ದಿನಾಂಕ, ಅತಿ ಸಣ್ಣ ವಾಕ್ಯಗಳು. 2007ರಲ್ಲಿ ‘ಇಯರ್ ಝೀರೋ’ ಆಟ ಶುರುವಾದದ್ದು ಇಂಥದ್ದೇ ಒಂದು ವಿಚಿತ್ರದಿಂದ. ಸಂಗೀತ ತಂಡವೊಂದರ ಟಿ-ಶರ್ಟ್ ಮೇಲೆ ಕೆಲವು ಅಕ್ಷರಗಳು ಮಾತ್ರ ಎದ್ದು ಕಾಣುತ್ತಿದ್ದವು. ಅವನ್ನು ಜೋಡಿಸಿದರೆ ಒಂದು ವೆಬ್ ವಿಳಾಸ ಸಿಕ್ಕಿತು.

ನಮ್ಮ ಇಮೇಲ್‌ಗೆ ಬನ್ನಿ. ನಾಲ್ಕು ವಾಕ್ಯ. ಒಂದಕ್ಕೊಂದು ಸಂಬಂಧವೇ ಇಲ್ಲ. ಹೀಗೆ ಯಾರೂ ಪತ್ರ ಬರೆಯುವುದಿಲ್ಲ. ವಾಕ್ಯಗಳ ಮೊದಲ ಅಕ್ಷರಗಳನ್ನು ಮಾತ್ರ ಓದಿ: ಗ, ಡಿ, ಯಾ, ರ. ಗಡಿಯಾರ! ಗ್ರಂಥಪಾಲಕರ ಮೂವತ್ತು ಫೋಟೋಗಳಲ್ಲಿ ಒಂದರಲ್ಲಿ ಗೋಡೆಯ ಮೇಲೆ ಸಾಲಾಗಿ ಆರು ಗಡಿಯಾರಗಳಿವೆ. ಆ ಫೋಟೋ ನೋಡಿ ಅಂತ ಅವರು ಹೇಳುತ್ತಿದ್ದಾರೆ.

ಸಾಮಾನ್ಯ ಬೀಗಗಳು, ಸಾಮಾನ್ಯ ಕೀಲಿಗಳು

ಗಡಿಯಾರಗಳನ್ನು ತೆರೆಯುವ ಮುಂಚೆ, ಪದೇ ಪದೇ ಎದುರಾಗುವ ಕೆಲವು ಬೀಗಗಳನ್ನು ಗುರುತು ಮಾಡಿಕೊಳ್ಳೋಣ. ವೆಬ್‌ಪುಟದ ಸೋರ್ಸ್ ಕೋಡ್ (ಪುಟವನ್ನು ಕಟ್ಟಿದ ಮೂಲ ಬರಹ) ತೆರೆದು ನೋಡುವುದು ಎಲ್ಲಕ್ಕಿಂತ ಮೊದಲು. ಪುಟದಲ್ಲಿ ಕಾಣದ ಟಿಪ್ಪಣಿಗಳನ್ನು ಅಲ್ಲಿ ಬಚ್ಚಿಡುತ್ತಾರೆ. ದೊಡ್ಡ ಮತ್ತು ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಕಲಸಿ, ಕೊನೆಯಲ್ಲಿ ಒಂದೋ ಎರಡೋ ಸಮ ಚಿಹ್ನೆ ಇದ್ದರೆ ಅದು ಬಹುಪಾಲು ಬೇಸ್64, ಅಂದರೆ ಮಾಹಿತಿಯನ್ನು ಅಕ್ಷರಗಳಾಗಿ ಬರೆಯುವ ಒಂದು ವಿಧಾನ. ಅಂಕಿಗಳ ಜೊತೆ ಎ ಯಿಂದ ಎಫ್‌ವರೆಗಿನ ಅಕ್ಷರ ಮಾತ್ರ ಇದ್ದರೆ ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕದ ಸಂಖ್ಯಾಪದ್ಧತಿ.

ಇಂಗ್ಲಿಷ್ ಅಕ್ಷರಗಳನ್ನು ಅದಲು ಬದಲು ಮಾಡಿದ್ದರೆ ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸಿ. ಇಂಗ್ಲಿಷ್‌ನಲ್ಲಿ ‘ಇ’ ಅಕ್ಷರ ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುತ್ತದೆ. ಹಾಗೆ ಒಂದು ಅಕ್ಷರ ಎದ್ದು ಕಂಡರೆ ಸರಳ ಬದಲಾವಣೆ. ಎಲ್ಲ ಅಕ್ಷರಗಳೂ ಹೆಚ್ಚುಕಡಿಮೆ ಸಮನಾಗಿ ಬಂದಿದ್ದರೆ ವಿಜೆನೇರ್‌ನಂಥ, ಕೀಲಿಪದ ಬೇಡುವ ಗೂಢಲಿಪಿ ಇರಬಹುದು. ಆಗ ಕಥೆಯಲ್ಲಿ ಆ ಪದವನ್ನು ಹುಡುಕಬೇಕು. ಆಡಿಯೋದಲ್ಲಿ ಗೊರಗೊರ ಸದ್ದು ಬಂದರೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಹಾಕಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನ ಚಿತ್ರರೂಪ, ನೋಡಿ. ಸದ್ದಿನೊಳಗೆ ಚಿತ್ರ ಬರೆದಿರುವುದು ಇದೆ.

ಆರು ಗಡಿಯಾರ

ಈಗ ಫೋಟೋ. ಎಡದಿಂದ ಬಲಕ್ಕೆ ಸಮಯ ಹೀಗಿದೆ: 5:25, 1:15, 4:25, 1:05, 3:15, 4:05.

ಸುಮಾರು ಇಂಥ ಮಾತುಕತೆ ನಡೆಯುತ್ತದೆ. ‘ಆರು ದೇಶಗಳ ಸಮಯ ಇರಬಹುದು’ ಅನ್ನುತ್ತಾರೆ ಒಬ್ಬರು. ಒಳ್ಳೆಯ ಊಹೆ. ಆದರೆ ದೇಶಗಳ ಸಮಯದ ವ್ಯತ್ಯಾಸ ಪೂರ್ತಿ ಗಂಟೆ, ಅರ್ಧ ಗಂಟೆ, ಕಾಲು ಗಂಟೆ ಅಥವಾ ಮುಕ್ಕಾಲು ಗಂಟೆಯ ಲೆಕ್ಕದಲ್ಲಿರುತ್ತದೆ. ಇಲ್ಲಿ 25 ನಿಮಿಷಕ್ಕೂ 15 ನಿಮಿಷಕ್ಕೂ ಹತ್ತೇ ನಿಮಿಷದ ಅಂತರ. ಹಾಗಾಗಿ ಅಲ್ಲ. ‘ಮುಳ್ಳುಗಳು ಬಾವುಟ ಹಿಡಿದ ಕೈಗಳ ಹಾಗಿವೆ, ಸೆಮಫೋರ್ ಇರಬಹುದೇ?’ ಅನ್ನುತ್ತಾರೆ ಇನ್ನೊಬ್ಬರು. ಸೆಮಫೋರ್‌ನಲ್ಲಿ (ಬಾವುಟ ಹಿಡಿದ ಕೈಗಳಿಂದ ಅಕ್ಷರ ಸೂಚಿಸುವ ಪದ್ಧತಿ) ಕೈ ನಿಲ್ಲುವುದು ಎಂಟು ದಿಕ್ಕಿನಲ್ಲಿ ಮಾತ್ರ. 1ರ ಮೇಲೆ ನಿಂತ ಮುಳ್ಳು ಅದಕ್ಕೆ ಹೊಂದುವುದಿಲ್ಲ. ಅದೂ ಅಲ್ಲ.

ಅಷ್ಟರಲ್ಲಿ, ಅಲ್ಲಿವರೆಗೆ ಸುಮ್ಮನಿದ್ದ ಒಬ್ಬರು ಹೇಳುತ್ತಾರೆ: ‘ಯಾಕೆ ಅಂತ ಗೊತ್ತಿಲ್ಲ, ಆದರೆ ಗಂಟೆಯಾಗಲಿ, ನಿಮಿಷದ ಮುಳ್ಳು ತೋರುವ ಅಂಕಿಯಾಗಲಿ 5 ದಾಟಿಲ್ಲ.’

ಇದು ಅರ್ಧ ಯೋಚನೆ. ಗುಂಪಿನಲ್ಲಿ ಇಂಥ ಅರ್ಧ ಯೋಚನೆಗಿಂತ ಬೆಲೆಬಾಳುವುದು ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ. ಜನ ಹೇಳದೆ ನುಂಗಿಕೊಳ್ಳುವುದೂ ಇದನ್ನೇ. ‘ಉತ್ತರ ಸಿಗದೆ ಬಾಯಿ ಬಿಡುವುದು ಹೇಗೆ’ ಅನ್ನುವ ಸಂಕೋಚ. ಗುಂಪಿನಲ್ಲಿ ಅನುಭವ ಇರುವವರು ಈ ಸಂಕೋಚ ಹೋಗಲಾಡಿಸಬೇಕು. ‘ಒಳ್ಳೆಯದು ಗಮನಿಸಿದಿರಿ’ ಅಂತ ಒಂದು ಮಾತು ಹೇಳಿ ಕಡತದಲ್ಲಿ ಬರೆದುಕೊಂಡರೆ ಸಾಕು.

ಇದು ಕಾಕತಾಳೀಯ ಇರಬಹುದೇ? ಲೆಕ್ಕ ಹಾಕಬಹುದು. ಆರು ಗಡಿಯಾರಕ್ಕೆ ಹನ್ನೆರಡು ಮುಳ್ಳು. ಪ್ರತಿ ಮುಳ್ಳೂ 12 ಅಂಕಿಗಳಲ್ಲಿ ಯಾವುದರ ಮೇಲಾದರೂ ನಿಲ್ಲಬಹುದು ಅನ್ನೋಣ. ಹನ್ನೆರಡೂ 1ರಿಂದ 5ರ ಒಳಗೇ ನಿಲ್ಲುವ ಸಾಧ್ಯತೆ ಸುಮಾರು 36,500ಕ್ಕೆ ಒಂದು. ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ.

‘ಐದು ಸಾಲು, ಐದು ಕಂಬ... ವರ್ಗೀಯ ವ್ಯಂಜನ ಅಲ್ವಾ?’ ಅಂತ ಮತ್ತೊಬ್ಬರಿಗೆ ಹೊಳೆಯುತ್ತದೆ. ನಮ್ಮ ವರ್ಣಮಾಲೆಯಲ್ಲಿ ಕ-ವರ್ಗ, ಚ-ವರ್ಗ, ಟ-ವರ್ಗ, ತ-ವರ್ಗ, ಪ-ವರ್ಗ ಅಂತ ಐದು ಸಾಲು. ಒಂದೊಂದರಲ್ಲಿ ಐದೈದು ಅಕ್ಷರ. ಅಕ್ಷರಗಳನ್ನು ಐದು-ಐದರ ಚೌಕದಲ್ಲಿ ಇಟ್ಟು, ಸಾಲು ಮತ್ತು ಕಂಬದ ಅಂಕಿಯಿಂದ ಸೂಚಿಸುವ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇದನ್ನು ಬರೆದಿಟ್ಟಿದ್ದಾನೆ. ಪಂಜುಗಳನ್ನು ಎತ್ತಿ ಹಿಡಿದು ದೂರಕ್ಕೆ ಸುದ್ದಿ ಮುಟ್ಟಿಸುವುದಕ್ಕೆ ಆ ಚೌಕ. ನಮಗಾದರೆ ಮಕ್ಕಳ ಮಗ್ಗಿ ಪುಸ್ತಕದಲ್ಲೇ ಚೌಕ ಸಿದ್ಧವಾಗಿದೆ.

ಸಣ್ಣ ಮುಳ್ಳು ಸಾಲು, ದೊಡ್ಡ ಮುಳ್ಳು ಕಂಬ ಅಂತ ಇಟ್ಟುಕೊಳ್ಳಿ. 5:25ರಲ್ಲಿ ದೊಡ್ಡ ಮುಳ್ಳು 5ರ ಮೇಲಿದೆ. ಐದನೇ ಸಾಲಿನ ಐದನೇ ಅಕ್ಷರ ‘ಮ’. 1:15, ಮೊದಲ ಸಾಲಿನ ಮೂರನೆಯದು, ‘ಗ’. 4:25 ‘ನ’. ಹಾಗೇ ಮುಂದುವರಿದರೆ ‘ಕ’, ‘ಡ’, ‘ತ’.

ಮಗನ ಕಡತ.

ಗ್ರಂಥಪಾಲಕರಿಗೆ ಮಗನಿದ್ದಾನೆ ಅಂತ ಕಥೆಯಲ್ಲಿ ಇಲ್ಲಿವರೆಗೆ ಎಲ್ಲೂ ಬಂದಿರಲಿಲ್ಲ!

ಉತ್ತರ ಸರಿ ಅಂತ ಗೊತ್ತಾಗುವುದು ಹೇಗೆ?

ಸರಿಯುತ್ತರ ಸಿಕ್ಕರೆ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವೆಬ್‌ಸೈಟ್‌ನಲ್ಲಿ ಬೀಗ ಹಾಕಿದ ಪುಟವೊಂದು ತೆರೆಯುತ್ತದೆ, ಪಾತ್ರವೊಂದು ಪತ್ರ ಬರೆಯುತ್ತದೆ. ಕೊಟ್ಟ ಸಾಮಗ್ರಿಯೆಲ್ಲ ಬಳಕೆಯಾಗಿರುತ್ತದೆ, ಏನೂ ಮಿಕ್ಕಿರುವುದಿಲ್ಲ. ‘ಆರರಲ್ಲಿ ನಾಲ್ಕು ಗಡಿಯಾರ ತೆಗೆದುಕೊಂಡು, ಮೂರನೆಯದನ್ನು ತಿರುಗಿಸಿ, ಒಂದಕ್ಷರ ಬಿಟ್ಟರೆ...’ ಅಂತ ವಿವರಿಸಬೇಕಾಗಿ ಬಂತೋ, ಅದನ್ನು ಕೈಬಿಡಿ. ನಮ್ಮ ಕಣ್ಣು ಮೋಡದಲ್ಲೂ ಆನೆ ಹುಡುಕುತ್ತದೆ.

2004ರ ‘ಐ ಲವ್ ಬೀಸ್’ ಆಟಗಾರರಿಗೆ ಸಿಕ್ಕಿದ್ದು ಒಂದು ದೊಡ್ಡ ಪಟ್ಟಿ: ಅಕ್ಷಾಂಶ, ರೇಖಾಂಶ, ಸಮಯ. 200ಕ್ಕೂ ಹೆಚ್ಚು ಜಾಗ. ಬೇರೇನೂ ಇಲ್ಲ. ನಕ್ಷೆಯ ಮೇಲೆ ಗೆರೆ ಎಳೆದು ಚಿತ್ರ ಹುಡುಕಿದರು, ಅಂಕಿಗಳಲ್ಲಿ ಗೂಢಲಿಪಿ ಹುಡುಕಿದರು. ಕೊನೆಗೆ ಕೆಲವರು ಆ ಜಾಗಗಳಿಗೇ ಹೋಗಿ ನೋಡಿದರು. ಅಲ್ಲಿ ಕಾಯಿನ್ ಹಾಕಿ ಮಾತಾಡುವ ಸಾರ್ವಜನಿಕ ಫೋನ್‌ಗಳಿದ್ದವು. ಹೇಳಿದ ಹೊತ್ತಿಗೆ ಅವು ರಿಂಗಾದವು.

ತಪ್ಪಿದ್ದನ್ನೂ ಬರೆದಿಡಿ

ಕಡತದಲ್ಲಿ ಪ್ರತಿ ಸುಳಿವಿಗೂ ಮೂರು ಭಾಗ ಇರಲಿ: ಗಮನಿಸಿದ್ದು, ಪ್ರಯತ್ನಿಸಿದ್ದು, ಯಾಕೆ ಆಗಲಿಲ್ಲ. ಮೂರನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ‘ಸೆಮಫೋರ್ ನೋಡಿದೆವು, ಆಗಲಿಲ್ಲ’ ಅಂತ ಬರೆದರೆ ಸಾಲದು. ‘1ರ ಮೇಲಿನ ಮುಳ್ಳು ಎಂಟು ದಿಕ್ಕಿಗೆ ಹೊಂದುವುದಿಲ್ಲ’ ಅಂತ ಬರೆದರೆ, ನಾಳೆ ಬರುವವರು ಆ ದಾರಿಗೆ ಮತ್ತೆ ಹೋಗುವುದಿಲ್ಲ. ನಮ್ಮ ಕಾರಣವೇ ತಪ್ಪಾಗಿದ್ದರೆ ಅದನ್ನೂ ಹಿಡಿಯುತ್ತಾರೆ.

ಕೆಲವು ಒಗಟಿಗೆ ಈ ‘ನಾಳೆ’ ತುಂಬಾ ದೂರ ಇರುತ್ತದೆ. 2005ರಲ್ಲಿ ಶುರುವಾದ ‘ಪರ್ಪ್ಲೆಕ್ಸ್ ಸಿಟಿ’ ಆಟದಲ್ಲಿ ಹೂತಿಟ್ಟಿದ್ದ ಕ್ಯೂಬ್ 2007ರಲ್ಲಿ ಸಿಕ್ಕಿತು. ಹುಡುಕಿದವರಿಗೆ 1 ಲಕ್ಷ ಪೌಂಡ್ ಬಹುಮಾನವೂ ಬಂತು. ಆದರೆ ಅದೇ ಆಟದ ಒಂದು ಕಾರ್ಡಿನಲ್ಲಿ ಒಬ್ಬ ವ್ಯಕ್ತಿಯ ಫೋಟೋ ಇತ್ತು. ಅವರನ್ನು ಪತ್ತೆ ಹಚ್ಚಬೇಕಿತ್ತು. ಅದು ಬಗೆಹರಿದದ್ದು 2020ರ ಕೊನೆಗೆ, ಮುಖ ಗುರುತಿಸುವ ತಂತ್ರಾಂಶದ ನೆರವಿನಿಂದ. 2014ರಲ್ಲಿ ‘ಸಿಕಾಡಾ 3301’ ಅನ್ನುವ ಅನಾಮಧೇಯ ಗುಂಪು ಹೊರಬಿಟ್ಟ, ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯ ಪುಟಗಳಲ್ಲಂತೂ ಹೆಚ್ಚಿನವು ಇನ್ನೂ ಬಿಡಿಸಿಕೊಂಡಿಲ್ಲ.

ಎಲ್ಲಿ ನಿಲ್ಲಬೇಕು?

ಆ ಫೋಟೋದ ವ್ಯಕ್ತಿ ತಾವಾಗಿ ಒಪ್ಪಿ ಆಟಕ್ಕೆ ಬಂದವರು. ಎಲ್ಲರೂ ಹಾಗಲ್ಲ. ಕಥೆಯ ಪಾತ್ರದ ಹೆಸರೇ ಇರುವ ಬೇರೆ ಯಾರದೋ ಫೋನ್‌ಗೆ ರಾತ್ರಿ ಕರೆ ಮಾಡಿ ಕಾಡಿಸಬೇಡಿ. ಬೇರೆಯವರ ಜಾಗಕ್ಕೆ ನುಗ್ಗಬೇಡಿ, ಪಾಸ್‌ವರ್ಡ್ ಮುರಿಯಲು ಹೋಗಬೇಡಿ. ನಿಮ್ಮ ವಿಳಾಸ, ಬ್ಯಾಂಕ್ ವಿವರ, ಓಟಿಪಿ ಯಾವ ಪಾತ್ರ ಕೇಳಿದರೂ ಕೊಡಬೇಡಿ. ಆಟಕ್ಕೆಂದೇ ಒಂದು ಬೇರೆ ಇಮೇಲ್ ಮಾಡಿಕೊಳ್ಳಿ. ಅನುಮಾನ ಬಂದರೆ ಗುಂಪಿನಲ್ಲಿ ಕೇಳಿ, ಮೂರು ಜನ ‘ಬೇಡ’ ಅಂದರೆ ಬೇಡ.

ಇನ್ನು ನಮ್ಮ ಗ್ರಂಥಪಾಲಕರು. ‘ಮಗನ ಕಡತ’ ತೆರೆದರೆ ಒಳಗೆ ಖಾಲಿ ಹಾಳೆ. ಕೆಳಗಡೆ ಪೆನ್ಸಿಲಿನಲ್ಲಿ ಮೂರು ಸಮಯ ಬರೆದಿದೆ: 2:15, 4:05, 4:25. ಪಕ್ಕದಲ್ಲಿ ಕೂತವರನ್ನೂ ಕರೆಯಿರಿ, ಇಬ್ಬರೂ ಸೇರಿ ಬಿಡಿಸಿ.