ಧಾರೆ ಸೀರೆಯ ಬಣ್ಣ ಪ್ರಿಂಟಿನಲ್ಲೂ ಅದೇ ಬರಬೇಕಾದರೆ: ಪ್ರಿಂಟರಿಗೆ ನಮ್ಮದೇ ಕಲರ್ ಪ್ರೊಫೈಲ್

ಮದುವೆ ಆಲ್ಬಮ್ ಕೊಟ್ಟ ಮೇಲೆ ತಕರಾರು ಬರುವುದು ಸೀರೆ ಬಣ್ಣದ ಬಗ್ಗೆಯೇ ಜಾಸ್ತಿ. ಹುಡುಗಿಯ ಅಮ್ಮ ಸೀರೆಯನ್ನೇ ಚೀಲದಲ್ಲಿ ತಂದು ಫೋಟೋ ಪಕ್ಕ ಹರಡಿ, "ಇದು ರಾಣಿ ಕಲರ್, ನೀವು ಟೊಮೆಟೊ ಮಾಡಿದ್ದೀರಲ್ಲ" ಅಂದರೆ ವಾದಕ್ಕೆ ಏನೂ ಉಳಿಯುವುದಿಲ್ಲ. ಆಗ ಸ್ಲೈಡರ್ ಎಳೆದು ಎಳೆದು ಸರಿ ಮಾಡಬಹುದು. ಆದರೆ ಒಂದು ಫೋಟೋದ ಸೀರೆ ಸರಿಹೋದರೆ ಇನ್ನೊಂದರ ಮುಖ ಕೆಡುತ್ತದೆ. ಇದಕ್ಕೆ ಮದ್ದು ಕಲರ್ ಪ್ರೊಫೈಲ್, ಅಂದರೆ ಈ ಪ್ರಿಂಟರ್, ಈ ಇಂಕ್, ಈ ಪೇಪರಿನಲ್ಲಿ ಯಾವ ಬಣ್ಣ ಹೇಗೆ ಬರುತ್ತದೆ ಎಂದು ಬರೆದಿಟ್ಟ ಫೈಲ್.

ಸಾಗರದಲ್ಲಿರುವ ನಮ್ಮ ಸ್ಟುಡಿಯೋದಲ್ಲಿ ಎಪ್ಸನ್ ಎಲ್ 8050 ಇದೆ, ಆರು ಬಣ್ಣದ ಡೈ ಇಂಕ್. ನೀವು ಪ್ರಿಂಟರ್ ಕಂಪನಿಯದೇ ಇಂಕ್, ಕಂಪನಿಯದೇ ಪೇಪರ್ ಬಳಸುತ್ತಿದ್ದರೆ ಡ್ರೈವರ್ (ಕಂಪ್ಯೂಟರಿನಲ್ಲಿ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಜೊತೆ ಬರುವ ಪ್ರೊಫೈಲ್ ಸಾಕು, ಸುಮ್ನೆ ದುಡ್ಡು ಕಳೆಯಬೇಡಿ. ನಮ್ಮಂಥವರು ಬಳಸುವುದು ಕಟ್ಟುಗಟ್ಟಲೆ ಸಿಗುವ ಅಗ್ಗದ ಗ್ಲಾಸಿ ಪೇಪರ್. ಅದಕ್ಕೆ ಯಾರೂ ಪ್ರೊಫೈಲ್ ಮಾಡಿಟ್ಟಿರುವುದಿಲ್ಲ. ನಾವೇ ಮಾಡಿಕೊಳ್ಳಬೇಕು.

ಕೆಲಸ ಇಷ್ಟೇ. ಗೊತ್ತಿರುವ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ನಂಬರುಗಳ ಬಣ್ಣದ ಚೌಕಗಳನ್ನು ಪ್ರಿಂಟ್ ಮಾಡುತ್ತೇವೆ, ಈ ಹಾಳೆಗೇ ಚಾರ್ಟ್ ಎನ್ನುವುದು. ಪೇಪರಿನ ಮೇಲೆ ನಿಜವಾಗಿ ಯಾವ ಬಣ್ಣ ಬಂತು ಎಂದು ಯಂತ್ರದಿಂದ ಅಳೆಯುತ್ತೇವೆ. ಎರಡರ ನಡುವಿನ ವ್ಯತ್ಯಾಸ ನೋಡಿ ಯಂತ್ರದ ಸಾಫ್ಟ್‌ವೇರ್ ಒಂದು ಐಸಿಸಿ ಫೈಲ್ ಬರೆದುಕೊಡುತ್ತದೆ, ಅದೇ ಪ್ರೊಫೈಲ್. ಅಳೆಯುವ ಯಂತ್ರ ಸ್ಪೆಕ್ಟ್ರೋಫೋಟೋಮೀಟರ್ ಆಗಿರಬೇಕು. ಮಾನಿಟರ್‌ಗೆ ಮಾತ್ರ ಆಗುವ ಕಲರಿಮೀಟರ್ ಕೊಂಡು ಪ್ರಿಂಟ್ ಅಳೆಯಲು ಹೋಗಬೇಡಿ, ಆಗುವುದಿಲ್ಲ. ನಾವು ಕೆಲವು ಸ್ಟುಡಿಯೋದವರು ಸೇರಿ ಕ್ಯಾಲಿಬ್ರೈಟ್ ಕಂಪನಿಯ ಕಲರ್‌ಚೆಕರ್ ಸ್ಟುಡಿಯೋ ಎಂಬ ಒಂದು ಸ್ಪೆಕ್ಟ್ರೋಫೋಟೋಮೀಟರ್ ತಂದುಕೊಂಡಿದ್ದೇವೆ. ದಿನಾ ಬೇಕಾಗುವ ಸಾಮಾನಲ್ಲ, ಹಂಚಿಕೊಂಡರೆ ನಡೆಯುತ್ತದೆ. ಮೊದಲು ಅದರಲ್ಲೇ ಮಾನಿಟರ್ ಅಳೆದುಕೊಳ್ಳಿ. ಹೊಳಪು ಚದರ ಮೀಟರಿಗೆ 100 ಕ್ಯಾಂಡೆಲಾ ಆಸುಪಾಸಿರಲಿ. ಪ್ರಿಂಟ್ ಕಪ್ಪಾಗಿ ಬಂತು ಅನ್ನುವವರ ಮಾನಿಟರ್ ಸಾಮಾನ್ಯವಾಗಿ ಉರಿಯುತ್ತಿರುತ್ತದೆ.

ಈಗ ಪ್ರಿಂಟರ್. ಇಂಕ್ ಚಿಮ್ಮುವ ತೂತುಗಳು ಕಟ್ಟಿಕೊಂಡಿವೆಯೇ ಎಂದು ತೋರಿಸುವ ನಾಝಲ್ ಚೆಕ್ ಪ್ರಿಂಟ್ ಮಾಡಿ. ಒಂದು ಗೆರೆ ತುಂಡಾಗಿದ್ದರೂ ಹೆಡ್ ಕ್ಲೀನಿಂಗ್ ಮಾಡಿ ಮತ್ತೆ ನೋಡಿ. ಆಮೇಲೆ ಡ್ರೈವರ್‌ನಲ್ಲಿ ಪೇಪರ್ ಟೈಪ್ ಆರಿಸಿ. ನಿಮ್ಮ ಪೇಪರಿನ ಹೆಸರು ಅಲ್ಲಿ ಇರುವುದಿಲ್ಲ, ಹತ್ತಿರದ ಗ್ಲಾಸಿ ಟೈಪ್ ಒಂದನ್ನು ಹಿಡಿಯಿರಿ. ಎಷ್ಟು ಇಂಕ್ ಸುರಿಯಬೇಕು ಎಂದು ತೀರ್ಮಾನವಾಗುವುದು ಇಲ್ಲೇ. ಕ್ವಾಲಿಟಿ ಹೈ. ಕಲರ್ ಕರೆಕ್ಷನ್‌ನಲ್ಲಿ ಕಸ್ಟಮ್ ಒತ್ತಿ ಒಳಗೆ ಹೋದರೆ 'ನೋ ಕಲರ್ ಅಡ್ಜಸ್ಟ್‌ಮೆಂಟ್' ಎಂಬ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಚಾರ್ಟ್ ಪ್ರಿಂಟ್ ಆಗುವಾಗ ಯಾರೂ ಬಣ್ಣಕ್ಕೆ ಕೈ ಹಾಕಬಾರದು. ಈ ಇಡೀ ಸೆಟ್ಟಿಂಗನ್ನು ಡ್ರೈವರ್‌ನಲ್ಲೇ ಒಂದು ಹೆಸರು ಕೊಟ್ಟು ಸೇವ್ ಮಾಡಿ. ನಾಳೆ ಫೋಟೋ ಪ್ರಿಂಟ್ ಮಾಡುವಾಗ ಇದರಲ್ಲಿ ಒಂದು ಬದಲಾದರೂ ಪ್ರೊಫೈಲ್ ದಂಡ.

ಸಾಫ್ಟ್‌ವೇರ್ ಮೊದಲ ಚಾರ್ಟ್ ಕೊಡುತ್ತದೆ, 50 ಚೌಕ. ಪ್ರಿಂಟ್ ಆದ ಮೇಲೆ ಹತ್ತು ನಿಮಿಷ ಒಣಗಲಿ ಎನ್ನುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಈ ಹತ್ತು ನಿಮಿಷ ಯಾವ ಲೆಕ್ಕ! ಡೈ ಇಂಕ್ ಒದ್ದೆ ಹವೆಯಲ್ಲಿ ನಿಧಾನಕ್ಕೆ ಕೂರುತ್ತದೆ, ಗಾಢ ಬಣ್ಣಗಳು ಬೆಳಗಾಗುವಷ್ಟರಲ್ಲಿ ಸ್ವಲ್ಪ ಬೇರೆಯಾಗಿರುತ್ತವೆ. ಒಂದರ ಮೇಲೊಂದು ಪೇರಿಸದೆ, ಫ್ಯಾನಿನ ಗಾಳಿ ನೇರವಾಗಿ ತಾಗದ ಕಡೆ ರಾತ್ರಿಯಿಡೀ ಬಿಡಿ. ಮೊದಲ ಚಾರ್ಟ್ ಓದಿದ ಮೇಲೆ ಅದರ ಆಧಾರದ ಮೇಲೆ ಎರಡನೆಯದು ಬರುತ್ತದೆ, ಅದರಲ್ಲೂ 50. ಅದಕ್ಕೂ ಇದೇ ಶಿಕ್ಷೆ.

ಓದುವಾಗ ಚಾರ್ಟಿನ ಕೆಳಗೆ ಅದೇ ಪೇಪರಿನ ಎರಡು ಮೂರು ಬಿಳಿ ಹಾಳೆ ಇಡಿ. ಕಪ್ಪು ಟೇಬಲ್ ಮೇಲಿಟ್ಟರೆ ತೆಳು ಪೇಪರಿನಲ್ಲಿ ಅದರ ಛಾಯೆ ಅಳತೆಗೂ ಬರುತ್ತದೆ. ಯಂತ್ರವನ್ನು ಸಾಲಿನ ಶುರುವಿನ ಬಿಳಿ ಜಾಗದಲ್ಲಿ ಇಟ್ಟು, ಬಟನ್ ಒತ್ತಿ ಹಿಡಿದು, ಒಂದೇ ವೇಗದಲ್ಲಿ ಎಳೆಯಿರಿ. ಕೊನೆಯ ಚೌಕ ದಾಟಿ ಬಿಳಿಗೆ ಬಂದ ಮೇಲೆ ಬಟನ್ ಬಿಡಿ. ಅವಸರ ಮಾಡಿದರೆ ಆ ಸಾಲನ್ನು ಮತ್ತೆ ಓದು ಎನ್ನುತ್ತದೆ, ಓದಿ. ಕೈ ನಡುಗುವವರು ಸ್ಟೀಲ್ ಸ್ಕೇಲನ್ನು ಪಕ್ಕಕ್ಕೆ ಒತ್ತಿಟ್ಟು ಅದರ ಗುಂಟ ಎಳೆಯಬಹುದು.

ಸೀರೆ ಅಂಗಡಿಯ ಕೆಲಸ ಇರುವವರಿಗೆ ಇನ್ನೊಂದು ಉಪಯೋಗವಿದೆ. ಮೂಲ ಪ್ರೊಫೈಲ್ ಆದ ಮೇಲೆ ಒಂದು ಫೋಟೋ ಕೊಟ್ಟರೆ, ಅದರಲ್ಲಿರುವ ಬಣ್ಣಗಳಿಂದಲೇ ಮತ್ತೊಂದು ಚಾರ್ಟ್ ಮಾಡಿ ಪ್ರೊಫೈಲನ್ನು ತಿದ್ದಿಕೊಳ್ಳಬಹುದು. ನಾನು ರಾಣಿ, ಅರಿಶಿನ, ಗಿಳಿಹಸಿರು ಸೀರೆಗಳ ಜೊತೆ ಮುಖವೂ ಇರುವ ಫೋಟೋ ಕೊಡುತ್ತೇನೆ.

ಫೈಲಿನ ಹೆಸರಿನಲ್ಲಿ ಪ್ರಿಂಟರ್, ಪೇಪರ್, ಪೇಪರ್ ಟೈಪ್, ತಿಂಗಳು ನಾಲ್ಕೂ ಇರಲಿ. 'ನ್ಯೂ ಫೈನಲ್ 2' ಅಂತಿಟ್ಟರೆ ದೇವರೇ ಗತಿ. ವಿಂಡೋಸ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಪ್ರೊಫೈಲ್ ಒತ್ತಿದರೆ ಸಾಕು.

ಫೋಟೋಶಾಪ್‌ನ ಪ್ರಿಂಟ್ ಕಿಟಕಿಯಲ್ಲಿ 'ಫೋಟೋಶಾಪ್ ಮ್ಯಾನೇಜಸ್ ಕಲರ್ಸ್' ಆರಿಸಿ ನಿಮ್ಮ ಪ್ರೊಫೈಲ್ ತೋರಿಸಿ. ಡ್ರೈವರ್‌ನಲ್ಲಿ ಸೇವ್ ಮಾಡಿದ ಸೆಟ್ಟಿಂಗೇ ಹಾಕಿ, ಅಂದರೆ ಅಲ್ಲಿ ಬಣ್ಣ ತಿದ್ದುವುದು ಬಂದ್. ಇಬ್ಬರೂ ತಿದ್ದಿದರೆ ಮುಖಗಳೆಲ್ಲ ಕೆನ್ನೇರಳೆಗೆ ತಿರುಗುತ್ತವೆ. ಆ ಛಾಯೆ ಕಂಡ ಕೂಡಲೇ ಪ್ರೊಫೈಲನ್ನು ಬೈಯುವ ಮೊದಲು ಡ್ರೈವರ್ ನೋಡಿ. ಮುಖಗಳೇ ಮುಖ್ಯವಾದ ಫೋಟೋಗೆ ನಾನು ರೆಂಡರಿಂಗ್ ಇಂಟೆಂಟ್‌ನಲ್ಲಿ (ಇಂಕಿಗೆ ಎಟುಕದ ಬಣ್ಣವನ್ನು ಏನು ಮಾಡಬೇಕು ಎನ್ನುವ ಆಯ್ಕೆ) ಎಟುಕುವ ಬಣ್ಣಗಳನ್ನು ಹಾಗೇ ಉಳಿಸುವ ರಿಲೇಟಿವ್ ಕಲರಿಮೆಟ್ರಿಕ್ ಹಾಕಿ, ಕಪ್ಪು ಭಾಗದ ವಿವರ ಮುಚ್ಚಿಹೋಗದಂತೆ ನೋಡುವ ಬ್ಲಾಕ್ ಪಾಯಿಂಟ್ ಕಾಂಪೆನ್ಸೇಷನ್ ಟಿಕ್ ಮಾಡುತ್ತೇನೆ. ಮಿರುಗುವ ರೇಷ್ಮೆ ತುಂಬಿರುವಾಗ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಸ್ವಲ್ಪ ಕುಗ್ಗಿಸುವ ಪರ್ಸೆಪ್ಚುಯಲ್. ಹಾಗೆ ಮಾಡಿದರೆ ಸೀರೆಯ ನೆರಿಗೆಗಳು ಒಂದೇ ಬಣ್ಣದ ಮುದ್ದೆಯಾಗುವುದಿಲ್ಲ.

ಒಂದು ಮಿತಿ ತಿಳಿದಿರಲಿ. ಇಂಕಿಗೆ ಕೈಗೆಟುಕದ ಬಣ್ಣಗಳಿರುತ್ತವೆ. ಕೆಲವು ಕಡು ರಾಣಿ, ಫ್ಲೋರೆಸೆಂಟ್ ಹಸಿರು ಯಾವ ಪ್ರೊಫೈಲ್ ಹಾಕಿದರೂ ಪೇಪರಿಗೆ ಪೂರ್ತಿ ಇಳಿಯುವುದಿಲ್ಲ. ಫೋಟೋಶಾಪ್‌ನಲ್ಲಿ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆ ಎಂದು ಮಾನಿಟರಿನಲ್ಲೇ ನೋಡುವುದು) ಹಾಕಿ, ಇಂಕಿಗೆ ಎಟುಕದ ಬಣ್ಣ ತೋರಿಸುವ ಗ್ಯಾಮಟ್ ವಾರ್ನಿಂಗ್ ಆನ್ ಮಾಡಿದರೆ ಆ ಜಾಗ ಬೂದು ಬಣ್ಣದಲ್ಲಿ ಕಾಣುತ್ತದೆ. ಗಿರಾಕಿಗೆ ಪ್ರಿಂಟಿಗೆ ಮೊದಲೇ ಅದನ್ನು ತೋರಿಸಿಬಿಡಿ. ಪ್ರಿಂಟನ್ನೂ ಸೀರೆಯನ್ನೂ ಹೋಲಿಸುವುದು ಬಾಗಿಲ ಹತ್ತಿರದ ಹಗಲು ಬೆಳಕಿನಲ್ಲಿ. ಪ್ರೊಫೈಲ್ ಲೆಕ್ಕ ಹಾಕುವುದು ಡಿ50, ಅಂದರೆ 5000 ಕೆಲ್ವಿನ್ ಬೆಳಕಿಗೆ. ಹಳದಿ ಎಲ್‌ಇಡಿ ಕೆಳಗೆ ಹಿಡಿದರೆ ರಾಣಿ ಮತ್ತೆ ಟೊಮೆಟೊ ಕಡೆ ಹೋಗುತ್ತದೆ.

ಪೇಪರ್ ಬದಲಾದರೆ ಹೊಸ ಪ್ರೊಫೈಲ್. ಇಂಕ್ ಬ್ರ್ಯಾಂಡ್ ಬದಲಾದರೂ ಹೊಸತು. ಅದೇ ಪೇಪರಿನ ಹೊಸ ಕಟ್ಟು ಬಂದಾಗ ಬೂದು ಪಟ್ಟಿ ಇರುವ ಹಳೆಯ ಟೆಸ್ಟ್ ಫೋಟೋ ಒಂದು ಪ್ರಿಂಟ್ ಹಾಕಿ ಹಳೆಯ ಪ್ರಿಂಟಿನ ಪಕ್ಕದಲ್ಲಿಟ್ಟು ನೋಡಿ. ಬೂದು ಪಟ್ಟಿಯಲ್ಲಿ ಹಸಿರೋ ಗುಲಾಬಿಯೋ ಇಣುಕಿದರೆ ಮತ್ತೆ ಚಾರ್ಟ್ ಹಾಕಿ.