ಹತ್ತುವ ದಾರಿಯಿಂದ ಶುರು: ಸೊನೋಮಾ ಕರಾವಳಿಯಲ್ಲಿ ಅಬಲೋನಿ ತಾಣಗಳನ್ನು ಹುಡುಕಿದ ಬಗೆ

ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಒಂದನೆಯ ಹೆದ್ದಾರಿಯಲ್ಲಿ ಹೊರಟು ಜೆನ್ನರ್ ದಾಟಿದ ಮೇಲೆ, ಸೊನೋಮಾ ಮತ್ತು ಮೆಂಡೊಸಿನೋ ಕೌಂಟಿಗಳಲ್ಲಿ ಕಡಲು ಹೆಚ್ಚುಕಡಿಮೆ ಕಣ್ಣೆದುರೇ ಇರುತ್ತದೆ. ಆದರೆ ಆ ನೀರಿಗೆ ಇಳಿದು ಮರಳಿ ಹತ್ತಬಲ್ಲ ಜಾಗಗಳು ಕಡಿಮೆ. ಮೊದಲು ಖಾಸಗಿ ಬೇಲಿ, ಆಮೇಲೆ ಕಡಿದಾದ ದಿಬ್ಬ, ಅದರ ಬುಡದಲ್ಲಿ ಅಲೆ ಹೊಡೆಯುವ ಬಂಡೆ. ಒಂದೇ ಚಿಪ್ಪಿನ ದೊಡ್ಡ ಕಡಲ ಬಸವನಹುಳುವಾದ ಕೆಂಪು ಅಬಲೋನಿಯನ್ನು ಹಿಡಿಯಲು ಅನುಮತಿ ಇದ್ದ ಕಾಲದಲ್ಲಿ, ಅಂದರೆ 2017ರ ಹಂಗಾಮಿನವರೆಗೆ, ನಾನು ಈ ಕರಾವಳಿಯಲ್ಲಿ ಇಳಿಯುವ ತಾಣಗಳನ್ನು ಹುಡುಕಿ ಗುರುತು ಮಾಡಿಕೊಂಡೆ. ಹಿಡಿಯುವುದು ಈಗ ನಿಂತಿದ್ದರೂ ಅದೇ ನೀರಿನಲ್ಲಿ ಮೀನಿಗಾಗಿಯೋ ಸುಮ್ಮನೆ ನೋಡುವುದಕ್ಕಾಗಿಯೋ ಮುಳುಗುವವರಿಗೆ ಆ ಕ್ರಮ ಉಪಯೋಗಕ್ಕೆ ಬರಬಹುದು.

ತಾಣದ ಆಯ್ಕೆಗೆ ಅಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಅಲ್ಲಿನ ನಿಯಮ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಬಲೋನಿ ಹಿಡಿಯುವಂತಿರಲಿಲ್ಲ. ಉಸಿರು ಬಿಗಿಹಿಡಿದೇ ಮುಳುಗಬೇಕಿತ್ತು. ಚಿಪ್ಪು ಕನಿಷ್ಠ 7 ಇಂಚು ಇರಬೇಕಿತ್ತು, ದಿನಕ್ಕೆ ಮೂರೇ, ಬೆಳಗ್ಗೆ 8ರ ನಂತರವೇ. ಚಳಿ ತಡೆಯುವ ದಪ್ಪ ರಬ್ಬರ್ ಉಡುಪಾದ ವೆಟ್‌ಸೂಟ್, ಸೀಸದ ತೂಕದ ಬೆಲ್ಟ್, ತೇಲುವ ಟ್ಯೂಬು, ಅಳತೆಪಟ್ಟಿ, ಅಬಲೋನಿಯನ್ನು ಬಂಡೆಯಿಂದ ಎಬ್ಬಿಸುವ ಕಬ್ಬಿಣ, ಇಷ್ಟನ್ನೂ ಹೊತ್ತು ದಿಬ್ಬ ಇಳಿದು, ತಣ್ಣಗೆ ಕೊರೆಯುವ ನೀರಿನಲ್ಲಿ ಈಜಿ, ಕೈಕಾಲು ಸೋತ ಮೇಲೆ ಅದೇ ದಿಬ್ಬವನ್ನು ಇನ್ನಷ್ಟು ಭಾರದೊಂದಿಗೆ ಹತ್ತಬೇಕಿತ್ತು. ಆದ್ದರಿಂದ ನಾನು ಮೊದಲು ಹುಡುಕುತ್ತಿದ್ದದ್ದು ನೀರಿನಿಂದ ಹೊರಬರುವ ಜಾಗವನ್ನು. ಅದು ಖಚಿತವಾದ ಮೇಲಷ್ಟೇ ಇಳಿಯುವ ಜಾಗದ ಪ್ರಶ್ನೆ.

ಕೆಲಸ ಶುರುವಾಗುತ್ತಿದ್ದದ್ದು ಮನೆಯ ಮೇಜಿನ ಮೇಲೆ. ಪ್ರತಿಯೊಬ್ಬರೂ ತುಂಬಿ ಒಪ್ಪಿಸಬೇಕಿದ್ದ ಅಬಲೋನಿ ಕಾರ್ಡಿನಲ್ಲಿ ಎಲ್ಲಿ ಹಿಡಿದಿರಿ ಎಂದು ಬರೆಯಲು ತಾಣಗಳ ಪಟ್ಟಿಯೇ ಇರುತ್ತಿತ್ತು. ನನ್ನ ಮೊದಲ ನಕ್ಷೆ ಹುಟ್ಟಿದ್ದು ಅದರಿಂದ. ಕ್ಯಾಲಿಫೋರ್ನಿಯಾದಲ್ಲಿ ಸರಾಸರಿ ಭರತರೇಖೆಯಿಂದ, ಅಂದರೆ ಉಬ್ಬರದ ನೀರು ಏರುವ ಗೆರೆಯಿಂದ, ಕೆಳಗಿನ ನೆಲ ಸಾರ್ವಜನಿಕರದ್ದು, ಆದರೆ ಅಲ್ಲಿಗೆ ಹೋಗುವ ದಾರಿ ಹಾಗಲ್ಲ. ಸುಮಾರು ಹತ್ತು ಮೈಲಿ ಕರಾವಳಿಯನ್ನು ಆವರಿಸಿಕೊಂಡಿರುವ ಸೀ ರ‍್ಯಾಂಚ್ ವಸತಿ ಪ್ರದೇಶದಲ್ಲಿ ಕಡಲಿಗೆ ದಾರಿ ಬಿಡುವ ವಿಷಯಕ್ಕೆ ಎದ್ದ ಜಗಳವೂ ಒಂದು ಕಾರಣವಾಗಿ, 1972ರ ಜನಮತದಲ್ಲಿ ಕರಾವಳಿಯ ಬಳಕೆಯನ್ನು ನಿಯಂತ್ರಿಸುವ ಕರಾವಳಿ ಆಯೋಗ ರೂಪುಗೊಂಡಿತು. ಆ ಹೋರಾಟದ ಫಲವಾಗಿ ಇಂದು ಬ್ಲ್ಯಾಕ್ ಪಾಯಿಂಟ್, ಸ್ಟೆಂಗೆಲ್, ಶೆಲ್ ಬೀಚ್, ವಾಕ್ ಆನ್ ಬೀಚ್ ಮುಂತಾದ ಕಡೆಗಳಿಗೆ ಕೌಂಟಿಯ ಸಣ್ಣ ಪಾರ್ಕಿಂಗ್ ಜಾಗಗಳಿಂದ ಕಾಲುದಾರಿಗಳಿವೆ. ದಾರಿ ಬಿಟ್ಟು ಪಕ್ಕದ ಮನೆಗಳ ಹಿತ್ತಲಿನಿಂದ ನುಸುಳುವವರನ್ನು ಕಂಡಿದ್ದೇನೆ. ಇದ್ದ ದಾರಿಯನ್ನೂ ಮುಚ್ಚಿಸುವವರು ಅವರೇ.

ಇಳಿಜಾರನ್ನು ಅಳೆಯಲು ನನಗೆ ಹೆಚ್ಚು ನೆರವಾದದ್ದು ಕ್ಯಾಲಿಫೋರ್ನಿಯಾ ಕೋಸ್ಟಲ್ ರೆಕಾರ್ಡ್ಸ್ ಪ್ರಾಜೆಕ್ಟ್ ಎಂಬ ಯೋಜನೆಯವರು ಹೆಲಿಕಾಪ್ಟರಿನಿಂದ ತೆಗೆದ ಓರೆ ಚಿತ್ರಗಳು. ಉಪಗ್ರಹ ಚಿತ್ರದಲ್ಲಿ ಚಪ್ಪಟೆಯಾಗಿ ಕಾಣುವ ದಿಬ್ಬ ಅವುಗಳಲ್ಲಿ ತನ್ನ ನಿಜವಾದ ಎತ್ತರದೊಂದಿಗೆ ಕಾಣುತ್ತದೆ. ಬೇರೆ ಬೇರೆ ವರ್ಷಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ, ಯಾವ ಕೊರಕಲಿನ ದಾರಿ ಉಳಿದಿದೆ, ಯಾವುದು ಕುಸಿದಿದೆ ಎಂಬುದೂ ತಿಳಿಯುತ್ತದೆ.

ಮಳೆಗಾಲದಲ್ಲಿ ಕಡಲಿಗಿಳಿಯಬಾರದು ಎಂದು ಕುಂದಾಪುರದ ಕಡೆಯ ಮನೆಯಲ್ಲಿ ಕೇಳುತ್ತ ಬೆಳೆದವನು ನಾನು; ಅಲ್ಲಿ ಅಪಾಯಕ್ಕೆ ಗೊತ್ತಾದ ತಿಂಗಳುಗಳಿವೆ. ಇಲ್ಲಿ ಅದನ್ನು ದಿನದಿನವೂ ಲೆಕ್ಕ ಹಾಕಬೇಕು. ಬೊಡೇಗಾ ಬೇ ಹೊರಗಿನ 46013 ಮತ್ತು ಪಾಯಿಂಟ್ ಅರೀನಾ ಹೊರಗಿನ 46014 ಸಂಖ್ಯೆಯ ತೇಲುಮಾಪಕಗಳು ಅಲೆಯ ಎತ್ತರ, ದಿಕ್ಕು ಮತ್ತು ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು ತಿಳಿಸುತ್ತವೆ. ಹೊಸಬರು ಎತ್ತರವನ್ನಷ್ಟೇ ನೋಡುತ್ತಾರೆ. ಎಂಟು ಸೆಕೆಂಡಿಗೊಮ್ಮೆ ಬರುವ ಆರು ಅಡಿಯ ಅಲೆ ನೀರನ್ನು ಕದಡಿ ಕಿರಿಕಿರಿ ಮಾಡುತ್ತದೆ, ಅಷ್ಟೆ. ಹದಿನೇಳು ಸೆಕೆಂಡಿಗೊಮ್ಮೆ ಬರುವ ನಾಲ್ಕು ಅಡಿಯದ್ದು ತಳದವರೆಗೂ ಬಲ ಹೊತ್ತು ತರುತ್ತದೆ, ಭೂಶಿರವನ್ನು ಬಳಸಿ ಬಾಗಿ ಒಳಕೊಲ್ಲಿಗೂ ನುಗ್ಗುತ್ತದೆ, ಮತ್ತು ದೊಡ್ಡ ಅಲೆಗಳ ಎರಡು ಸಾಲುಗಳ ನಡುವಿನ ದೀರ್ಘ ಶಾಂತಿಯಲ್ಲಿ ನಮ್ಮನ್ನು ನಂಬಿಸಿ ಬಂಡೆಯ ಅಂಚಿಗೆ ಕರೆಯುತ್ತದೆ. ವಸಂತದಲ್ಲಿ ಅಲೆಗಳು ಹೆಚ್ಚಾಗಿ ವಾಯವ್ಯದಿಂದ ಬರುವುದರಿಂದ ದಕ್ಷಿಣಕ್ಕೆ ಬಾಯಿ ತೆರೆದ ಕೊಲ್ಲಿಗಳು ಸುರಕ್ಷಿತ; ಆದರೆ ಬೇಸಿಗೆಯಲ್ಲಿ ದಕ್ಷಿಣ ಗೋಳಾರ್ಧದ ಚಳಿಗಾಲದ ಬಿರುಗಾಳಿಗಳು ಎಬ್ಬಿಸಿದ ಅಲೆ ಬಂದರೆ ಅದೇ ಕೊಲ್ಲಿ ನೇರವಾಗಿ ಏಟು ತಿನ್ನುತ್ತದೆ. ಹಾಗಾಗಿ ನನ್ನ ನಕ್ಷೆಯಲ್ಲಿ ಪ್ರತಿ ತಾಣದ ಪಕ್ಕದಲ್ಲಿ ಅದು ತಾಳಿಕೊಳ್ಳುವ ದಿಕ್ಕನ್ನು ಬರೆಯುತ್ತಿದ್ದೆ. ಬರೇ ‘ಒಳ್ಳೆಯದು’ ಎಂಬ ಗುರುತಿಗೆ ಅರ್ಥವಿಲ್ಲ.

ಹೊಸ ತಾಣವನ್ನು ಮೊದಲ ಸಲ ನೋಡಲು ಹೋಗುವಾಗ ವೆಟ್‌ಸೂಟನ್ನು ಒಯ್ಯುತ್ತಲೇ ಇರಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಇಳಿತದ ಹೊತ್ತಿಗೆ ಹೋಗಿ, ಸಾಮಾನ್ಯ ದಿನಗಳಲ್ಲಿ ನೀರಡಿ ಇರುವ ಬಂಡೆಗಳು ಬಯಲಾದಾಗ ಚಿತ್ರ ತೆಗೆಯುತ್ತಿದ್ದೆ. ಈ ಕರಾವಳಿಯಲ್ಲಿ ಅಂಥ ಇಳಿತ ವಸಂತದಲ್ಲಿ ಬೆಳಗಿನ ಜಾವಕ್ಕೂ ಶರತ್ಕಾಲದ ಕೊನೆಗೆ ಮಧ್ಯಾಹ್ನದ ಮೇಲೂ ಬೀಳುತ್ತದೆ. ದಿಬ್ಬದ ಮೇಲೆ ಕನಿಷ್ಠ ಅರ್ಧ ಗಂಟೆ ಕುಳಿತು, ಹತ್ತಬೇಕಾದ ಬಂಡೆಯೊಂದರ ಮೇಲೇ ಕಣ್ಣಿಡಬೇಕು. ಕಪ್ಪು ಮಸ್ಸಲ್ ಚಿಪ್ಪುಗಳ ಪಟ್ಟಿಗಿಂತ ಎಷ್ಟೋ ಮೇಲಿನ ಕಲ್ಲು ಕೂಡ ಒದ್ದೆಯಾಗಿದ್ದರೆ, ಸ್ವಲ್ಪ ಹೊತ್ತಿನ ಹಿಂದೆ ಅಲ್ಲಿಗೆ ಅಲೆ ಏರಿತ್ತು ಎಂದರ್ಥ. ನಾವು ಕಾಣದ ಅಲೆಯ ಸಾಕ್ಷಿ ಅದು. ಕೆಲ್ಪ್ ಪಾಚಿಯ ಉದ್ದನೆಯ ಎಲೆಗಳು ಒಂದೇ ಕಡೆಗೆ ಎಳೆದುಕೊಂಡು ನಿಂತಿದ್ದರೆ ಅಲ್ಲಿ ಸೆಳೆತವಿದೆ. ದಾರಿಬದಿಯ ಪಾಯ್ಸನ್ ಓಕ್ ಗಿಡದ ಮೂರೆಲೆಯ ಗೊಂಚಲನ್ನೂ ಗುರುತಿಸಲು ಕಲಿಯಬೇಕು. ಅದರ ತುರಿಕೆ ವಾರಗಟ್ಟಲೆ ಬಿಡುವುದಿಲ್ಲ.

ಹೀಗೆ ಸೋಸಿದ ಮೇಲೆ ಉಳಿದವು ಕೆಲವೇ. ಹೊಸಬರನ್ನು ನಾನು ಕರೆದೊಯ್ಯುತ್ತಿದ್ದದ್ದು ಮೆಂಡೊಸಿನೋ ಪಕ್ಕದ ವ್ಯಾನ್ ಡ್ಯಾಮ್ ಉದ್ಯಾನಕ್ಕೆ. ರಸ್ತೆಯ ಪಕ್ಕದಲ್ಲೇ ಕಡಲತೀರ, ದಿಬ್ಬ ಇಳಿಯುವ ಗೋಜಿಲ್ಲ. ಸ್ಟಿಲ್‌ವಾಟರ್ ಕೋವ್‌ನ ಉರುಟುಕಲ್ಲಿನ ತೀರ ನನಗೆ ಇಷ್ಟ. ಸಾಲ್ಟ್ ಪಾಯಿಂಟ್ ಉದ್ಯಾನದ ಗರ್ಸಲ್ ಕೋವ್‌ನಲ್ಲಿ ಇಳಿಯುವುದು ಸುಲಭ, ಆದರೆ ಕೊಲ್ಲಿಯ ಒಳಗೆ ಮೀಸಲು ಪ್ರದೇಶವಿದ್ದು ಏನನ್ನೂ ಮುಟ್ಟುವಂತಿಲ್ಲ. ಗಡಿಯ ಹೊರಗೆ ಈಜಿ ಹೋಗಬೇಕಿತ್ತು. ಬಲ ಸಾಲದವರಿಗೆ ಆ ಈಜೇ ಒಂದು ದಿನದ ಕೆಲಸ.

2013ರಿಂದ ನಕ್ಷತ್ರಮೀನುಗಳು ರೋಗಕ್ಕೆ ಸಾಯತೊಡಗಿದವು, ಮುಂದಿನ ವರ್ಷ ಕಡಲು ಅಸಹಜವಾಗಿ ಬಿಸಿಯಾಯಿತು, ತಮ್ಮನ್ನು ತಿನ್ನುವ ನಕ್ಷತ್ರಮೀನುಗಳಿಲ್ಲದೆ ಹೆಚ್ಚಿದ, ಮೈತುಂಬ ಮುಳ್ಳಿರುವ ನೇರಳೆ ಕಡಲಕುಡಿಕೆಗಳು (ಸೀ ಅರ್ಚಿನ್) ಕೆಲ್ಪನ್ನು ಬೋಳಿಸಿದವು, ಆಹಾರವಿಲ್ಲದ ಅಬಲೋನಿಗಳು ಬಂಡೆಗೆ ಅಂಟಿಕೊಂಡೇ ಸೊರಗಿದವು. 2018ರಿಂದ ಹಿಡಿಯುವುದು ನಿಷಿದ್ಧ, ಮತ್ತು ಆ ತೀರ್ಮಾನ ಸರಿ ಎಂದೇ ನಾನು ಒಪ್ಪುತ್ತೇನೆ. ಈಗ ಅಳತೆಪಟ್ಟಿ, ಕಬ್ಬಿಣ ಎರಡೂ ಮನೆಯಲ್ಲೇ ಉಳಿಯುತ್ತವೆ. ಹಳೆಯ ನಕ್ಷೆ ಮಾತ್ರ ಕಾರಿನಲ್ಲಿದೆ. ಸ್ವಯಂಸೇವಕರು ಕಡಲಕುಡಿಕೆಗಳನ್ನು ತೆಗೆಯುವ ಕ್ಯಾಸ್ಪರ್ ಕೋವ್‌ಗೆ ಹೋಗುವವರು ಮೀನುಗಾರಿಕೆ ಪರವಾನಗಿಯನ್ನು ಜೊತೆಗಿಟ್ಟುಕೊಳ್ಳಬೇಕು, ಹೊರಡುವ ಮುನ್ನ ಆ ವರ್ಷದ ನಿಯಮವನ್ನೂ ಓದಿಕೊಳ್ಳಬೇಕು.